ಸಜ್ಜೆಯಿಂದ ಅರ್ಗಾಟ್ ಬೇರ್ಪಡಿಸುವುದು ಹೇಗೆ?

ಸಜ್ಜೆ ಹೂ ಬಿಡುವಾಗ ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದರೆ ತೆನೆಯಿಂದ ನಸುಗೆಂಪು ಅಂಟು ಸೋರತೊಡಗುತ್ತದೆ. ಅರ್ಗಾಟ್ ಶಿಲೀಂಧ್ರ ಬಿದ್ದಿರುವ ಗುರುತು ಅದು. ಆಮೇಲೆ ಅಲ್ಲಲ್ಲಿ ಕಾಳಿನ ಜಾಗದಲ್ಲಿ ಗಟ್ಟಿ ಕಪ್ಪು ಗಂಟು ಕೂರುತ್ತದೆ. ಕಾಳಿನ ಜತೆ ಅದನ್ನೂ ಬೀಸಿ ತಿಂದರೆ ವಾಕರಿಕೆ, ವಾಂತಿ, ತಲೆಸುತ್ತು, ಮಂಪರು. ರೊಟ್ಟಿ ಬೇಯಿಸಿದರೆ ವಿಷ ಹೋಗುತ್ತದೆಂದು ನಂಬಬೇಡಿ.

ಮೊದಲು ಮೊರದಲ್ಲಿ ಕೇರಿ ಹೊಟ್ಟು, ದೂಳು ತೆಗೆಯಿರಿ. ಗಂಟುಗಳು ಕೇರಿದರೆ ಪೂರ್ತಿ ಹೋಗುವುದಿಲ್ಲ, ಅದಕ್ಕೆ ಉಪ್ಪುನೀರೇ ಬೇಕು.

ಹೆಚ್ಚಿನವರು ಎಡವುವುದು ಇಲ್ಲೇ. 10 ಲೀಟರ್ ನೀರಿಗೆ 2 ಕಿಲೋ ಉಪ್ಪು, ಅಳೆದೇ ಹಾಕಿ. ಅಗ್ಗದ ಹರಳುಪ್ಪು ಸಾಕು, ಪ್ಯಾಕೆಟ್ ಪುಡಿಯುಪ್ಪಿಗೆ ದುಡ್ಡು ಸುರಿಯಬೇಡಿ. ಆದರೆ ಹರಳು ತಳದಲ್ಲಿ ಉಳಿಯದಂತೆ ಪೂರ್ತಿ ಕರಗಬೇಕು. ಪರೀಕ್ಷೆಗೆ ತಾಜಾ ಕೋಳಿಮೊಟ್ಟೆ ಬಿಡಿ: ತೇಲಿದರೆ ನೀರು ಸರಿ, ಮುಳುಗಿದರೆ ಇನ್ನಷ್ಟು ಉಪ್ಪು ಬೇಕು. ಹಳೆಯ ಮೊಟ್ಟೆ ಬರೀ ನೀರಲ್ಲೂ ತೇಲೀತು, ಅದನ್ನು ನಂಬಿದರೆ ಕೆಟ್ಟಿರಿ. ಒಂದು ಸಲಕ್ಕೆ 2 ಕಿಲೋಗಿಂತ ಹೆಚ್ಚು ಕಾಳು ಬೇಡ, ಅದನ್ನೂ ಸಣ್ಣ ಧಾರೆಯಾಗಿ ಸುರಿಯಿರಿ. ಚೀಲವನ್ನೇ ಬಗ್ಗಿಸಿದರೆ ಗಂಟುಗಳು ಕಾಳಿನಡಿ ಸಿಕ್ಕಿಕೊಂಡು ಮೇಲೇಳುವುದೇ ಇಲ್ಲ. ತಳದವರೆಗೆ ಕೈಯಾಡಿಸಿ, ನೀರು ನಿಂತ ಮೇಲೆ ತೇಲಿದ್ದನ್ನು ಸಣ್ಣ ಕಣ್ಣಿನ ಜರಡಿಯಿಂದ ಬಾಚಿ. ಮತ್ತೆ ಕೈಯಾಡಿಸಿ, ಮತ್ತೆ ಬಾಚಿ. ಜೊಳ್ಳು, ಹುಳ ತಿಂದ ಕಾಳೂ ತೇಲುತ್ತವೆ. ಅಯ್ಯೋ ಎಂದು ಆರಿಸಿಕೊಳ್ಳಲು ಹೋಗಬೇಡಿ. ಎಲ್ಲಾ ಹತ್ತು ನಿಮಿಷದೊಳಗೆ ಮುಗಿಯಲಿ.

ತಳದ ಕಾಳನ್ನು ಸಿಹಿನೀರಲ್ಲಿ ಮೂರು ನಾಲ್ಕು ಸಲ ತೊಳೆಯಿರಿ. ಉಪ್ಪು ಉಳಿದರೆ ಬೀಜ ಮೊಳೆಯದು. ಬಿತ್ತನೆಗಾದರೆ ನೆರಳಲ್ಲಿ, ಊಟಕ್ಕಾದರೆ ಬಿಸಿಲಲ್ಲಿ ತೆಳ್ಳಗೆ ಹರವಿ ಒಣಗಿಸಿ. ಒಣಗಿದ ಮೇಲೂ ಒಂದು ಹಿಡಿ ಬಿಳಿ ತಟ್ಟೆಯಲ್ಲಿ ಹರವಿ ನೋಡಿ: ಒಕ್ಕುವಾಗ ಪುಡಿಯಾದ ಚೂರು ಕಾಳಿಗಂಟಿ ಉಳಿದಿರುತ್ತವೆ. ಆಹಾರದ ಸಜ್ಜೆಯಲ್ಲಿ ಕಾನೂನು ಒಪ್ಪುವ ಮಿತಿ ತೂಕದ ಶೇ 0.05, ಅಂದರೆ ಕಿಲೋಗೆ ಅರ್ಧ ಗ್ರಾಂ ಮಾತ್ರ. ಬೀಸಿದ ಹಿಟ್ಟಿಗೆ ಈ ಉಪಾಯ ನಡೆಯದು.

ಅಂಗಡಿಯಲ್ಲಿ ಇದಕ್ಕೂ ಮೆಟಲಾಕ್ಸಿಲ್ ಪುಡಿ ಕೊಟ್ಟರೆ ವಾಪಸ್ ಮಾಡಿ. ಅದು ಸಜ್ಜೆಗೆ ಬರುವ ಬೇರೆಯೇ ರೋಗವಾದ ಕೇದಿಗೆಯ (ಡೌನಿ ಮಿಲ್ಡ್ಯೂ) ಔಷಧಿ, ಗಂಟನ್ನು ಅದು ತೆಗೆಯುವುದಿಲ್ಲ. ಪುಡಿ ಹಚ್ಚಿದ ಬೀಜವನ್ನಂತೂ ತಿನ್ನಲೇಬಾರದು.

ಅದೇ ಉಪ್ಪುನೀರನ್ನು ಮುಂದಿನ ಸುತ್ತಿಗೆ ಬಳಸಬಹುದು. ನೀರು ಬೆರೆಸಿದಾಗೆಲ್ಲ ಉಪ್ಪೂ ಸೇರಿಸಿ, ಮೊಟ್ಟೆ ಬಿಟ್ಟು ನೋಡಿ. ಬಾಚಿದ್ದನ್ನು ತಿಪ್ಪೆಗೆ ಎಸೆದರೆ ಗೊಬ್ಬರದ ಜತೆ ಹೊಲಕ್ಕೇ ಮರಳುತ್ತದೆ. ಕೋಳಿಗೂ ದನಕ್ಕೂ ಹಾಕದೆ ಒಣಗಿಸಿ ಸುಟ್ಟುಬಿಡಿ.