ವಿಷದ ಚಿಟ್ಟೆಗಳಿಗೆ ಒಂದೇ ಬಣ್ಣ ಏಕೆ? ಎಕ್ಕದ ಗಿಡದ ಹತ್ತಿರ ಹೀಗೆ ನೋಡಿ

ನಾಲೆ ಏರಿ, ರಿಂಗ್ ರೋಡ್ ಪಕ್ಕದ ಖಾಲಿ ಸೈಟು, ಹಳೇ ಬೇಲಿ ಸಾಲು. ಮೈಸೂರು, ಮಂಡ್ಯ ಕಡೆ ಎಕ್ಕದ ಗಿಡ ಇಲ್ಲದ ಜಾಗವೇ ಕಡಿಮೆ. ಅದರ ಸುತ್ತ ಕಿತ್ತಳೆ ಬಣ್ಣದ ಚಿಟ್ಟೆಯೊಂದು ಯಾರ ಭಯವೂ ಇಲ್ಲದ ಹಾಗೆ ನಿಧಾನವಾಗಿ ಹಾರಾಡುತ್ತಿರುತ್ತದೆ. ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನ ಮೇಲೆ ಬಿಳಿ ಪಟ್ಟೆ. ಇದು ಪ್ಲೇನ್ ಟೈಗರ್. ಅದೇ ಕಿತ್ತಳೆ ಬಣ್ಣ, ಆದರೆ ರೆಕ್ಕೆಯ ನರಗಳ ಉದ್ದಕ್ಕೂ ಕಪ್ಪು ಗೆರೆ ಇದ್ದರೆ ಅದು ಸ್ಟ್ರೈಪ್ಡ್ ಟೈಗರ್. ಹಕ್ಕಿಗಳಿಗೆ ಈ ಎರಡರ ರುಚಿಯೂ ಸೇರುವುದಿಲ್ಲ. ದೂರದಿಂದ ನೋಡಿದರೆ ಎರಡೂ ಒಂದೇ ಥರ.

ಒಂದರ ಹಾಗೆ ಇನ್ನೊಂದು ಕಂಡ ಕೂಡಲೇ ‘ಇದು ಅದರ ನಕಲು’ ಅಂದುಬಿಡುತ್ತೇವೆ. ಆದರೆ ಇಲ್ಲಿ ಇಬ್ಬರೂ ಅಸಲಿ. ಇಬ್ಬರ ಮೈಯಲ್ಲೂ ವಿಷ ಇದೆ. ಹಾಗಿದ್ದೂ ಒಂದೇ ಬಣ್ಣ ಏಕೆ ಬಂತು? ಒಂದು ಬೆಳಗ್ಗೆ ಬಿಡುವು ಮಾಡಿಕೊಂಡರೆ ನೀವೇ ನೋಡಿ ತಿಳಿಯಬಹುದು.

ಜಾಗ ಮತ್ತು ಹೊತ್ತು

ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಕೆರೆ, ಚಾಮುಂಡಿ ಬೆಟ್ಟದ ತಪ್ಪಲು, ಯಾವುದಾದರೂ ಸರಿ. ಮಳೆ ಬಿಟ್ಟ ಮೇಲಿನ ತಿಂಗಳುಗಳು ಒಳ್ಳೆಯವು. ತೀರಾ ಮುಂಜಾನೆ ಹೋಗಿ ಪ್ರಯೋಜನವಿಲ್ಲ, ಬಿಸಿಲು ಸ್ವಲ್ಪ ಏರಿದ ಮೇಲೆಯೇ ಚಿಟ್ಟೆಗಳು ಹಾರುವುದು. ಮೊಬೈಲ್ ಕ್ಯಾಮೆರಾ, ಒಂದು ನೋಟ್‌ಬುಕ್ ಸಾಕು. ಬಲೆ ಬೇಡವೇ ಬೇಡ.

ಮೊದಲು ಎಲೆ ತಿರುಗಿಸಿ

ಚಿಟ್ಟೆಯ ಹಿಂದೆ ಓಡುವ ಮೊದಲು ಎಕ್ಕದ ಎಲೆಯ ಹಿಂಭಾಗ ನೋಡಿ. ಕಪ್ಪು, ಬಿಳಿ, ಹಳದಿ ಪಟ್ಟೆಯ ನುಣುಪಾದ ಹುಳ ಸಿಕ್ಕರೆ ಅದೇ ಪ್ಲೇನ್ ಟೈಗರ್‌ನ ಮರಿ. ಬೆನ್ನ ಮೇಲೆ ಮೂರು ಜೊತೆ ಕಪ್ಪು ಕೊಂಬಿನಂಥ ಎಳೆಗಳಿರುತ್ತವೆ. ಬೇರೆ ಹುಳಗಳ ಹಾಗೆ ಹಸಿರಾಗಿ ಎಲೆಯಲ್ಲಿ ಸೇರಿಕೊಳ್ಳುವ ಯೋಚನೆಯೇ ಇದಕ್ಕಿಲ್ಲ. ಎಕ್ಕದ ಹಾಲಿನಲ್ಲಿ ಹೃದಯದ ಬಡಿತ ಕೆಡಿಸುವ ವಿಷವಿದೆ. ಹುಳ ಅದನ್ನು ತಿಂದು ಅರಗಿಸಿಕೊಳ್ಳುವುದಷ್ಟೇ ಅಲ್ಲ, ಒಂದಿಷ್ಟನ್ನು ಮೈಯಲ್ಲೇ ಉಳಿಸಿಕೊಳ್ಳುತ್ತದೆ. ಚಿಟ್ಟೆಯಾದ ಮೇಲೂ ಆ ವಿಷ ಹೋಗುವುದಿಲ್ಲ. ನೀವು ಮಾತ್ರ ಎಲೆ ಕೀಳಬೇಡಿ. ಆ ಹಾಲು ಕೈಗೆ ತಾಗಿ, ಆ ಕೈ ಕಣ್ಣಿಗೆ ತಾಗಿದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ.

‘ಈ ಹುಳ ಏನು ತಿನ್ನುತ್ತದೆ’ ಎಂಬ ಪ್ರಶ್ನೆಯನ್ನು ಬಿಡಬೇಡಿ. ಚಿಟ್ಟೆ ಅಸಲಿಯೋ ನಕಲಿಯೋ ಎಂಬ ಮೊದಲ ಸುಳಿವು ಸಿಗುವುದೇ ಅಲ್ಲಿ.

ಹಿಂದಿನ ರೆಕ್ಕೆಯ ಚುಕ್ಕೆ ಎಣಿಸಿ

ಪ್ಲೇನ್ ಟೈಗರ್‌ನ ಹಿಂದಿನ ರೆಕ್ಕೆಯ ನಡುವೆ ಕಪ್ಪು ಚುಕ್ಕೆಗಳಿವೆ. ಹೆಣ್ಣಿಗೆ ಮೂರು, ಗಂಡಿಗೆ ನಾಲ್ಕು. ಎಲ್ಲ ಸರಿಯಾಗಿದೆ, ಆದರೆ ಒಂದೇ ಚುಕ್ಕೆ ಇದೆ, ಅದೂ ಮೇಲಂಚಿನ ಹತ್ತಿರ ಅಂತಾದರೆ ನೀವು ನೋಡುತ್ತಿರುವುದು ಬೇರೆ ಚಿಟ್ಟೆ. ಡನೇಯ್ಡ್ ಎಗ್‌ಫ್ಲೈ ಎಂಬುದರ ಹೆಣ್ಣು ಅದು. ಗಂಡಂತೂ ಗುರುತೇ ಸಿಗುವುದಿಲ್ಲ, ಕಪ್ಪು ರೆಕ್ಕೆ, ಅದರ ಮೇಲೆ ದೊಡ್ಡ ಬಿಳಿ ಮಚ್ಚೆ.

ಇದರ ಹುಳ ತಿನ್ನುವುದೇನು ಗೊತ್ತಾ? ಗೋಣಿಸೊಪ್ಪು. ನಮ್ಮ ಕಡೆ ಮಸ್ಸೊಪ್ಪಿಗೆ ಹಾಕುವ ಅದೇ ಸೊಪ್ಪು. ವಿಷ ಎಲ್ಲಿಂದ ಬರಬೇಕು! ತಾನು ರುಚಿಯಾಗಿದ್ದೂ ವಿಷದವರ ವೇಷ ಹಾಕಿಕೊಂಡು ಬದುಕುವ ಈ ಬಗೆಯನ್ನು ಮೊದಲು ವಿವರಿಸಿದವರು ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್. 1848ರಿಂದ 11 ವರ್ಷ ಅಮೆಜಾನ್ ಕಾಡಲ್ಲಿದ್ದು, 1862ರಲ್ಲಿ ಅದನ್ನು ಪ್ರಕಟಿಸಿದರು. ಆದರೆ ಅಲ್ಲಿನ ಚಿಟ್ಟೆಗಳಲ್ಲಿ ಕೆಲವು ಜೋಡಿಗಳಲ್ಲಿ ಎರಡೂ ಕಹಿಯವೇ ಆಗಿದ್ದವು. ಬೇಟ್ಸ್ ವಿವರಣೆ ಅವಕ್ಕೆ ಹೊಂದುತ್ತಿರಲಿಲ್ಲ.

ಈಗ ಸ್ವಲ್ಪ ಲೆಕ್ಕ

ಈ ಗಂಟು ಬಿಡಿಸಿದವರು ಬ್ರೆಜಿಲ್‌ನಲ್ಲಿ ನೆಲೆಸಿದ್ದ ಜರ್ಮನ್ ವಿಜ್ಞಾನಿ ಫ್ರಿಟ್ಸ್ ಮ್ಯುಲ್ಲರ್. ಅವರ 1879ರ ಲೇಖನದಲ್ಲಿ ಲೆಕ್ಕವೇ ಮುಖ್ಯ. ನೋಟ್‌ಬುಕ್‌ನಲ್ಲಿ ನೀವೂ ಹಾಕಿ ನೋಡಿ.

ಯಾವ ಬಣ್ಣ ಕಹಿ ಅನ್ನುವುದು ಹಕ್ಕಿಮರಿಗೆ ಹುಟ್ಟುತ್ತಲೇ ಗೊತ್ತಿರುವುದಿಲ್ಲ. ತಿಂದು, ಉಗಿದು ಕಲಿಯಬೇಕು. ಒಂದು ಊರಿನ ಹಕ್ಕಿಗಳೆಲ್ಲ ಸೇರಿ ಒಂದು ಬಣ್ಣವನ್ನು ಕಲಿಯುವಷ್ಟರಲ್ಲಿ 1,200 ಚಿಟ್ಟೆ ಸಾಯುತ್ತವೆ ಅಂತಿಟ್ಟುಕೊಳ್ಳಿ. ಅಲ್ಲಿ ಒಂದು ಜಾತಿಯ 10,000 ಚಿಟ್ಟೆ, ಇನ್ನೊಂದು ಜಾತಿಯ 2,000 ಚಿಟ್ಟೆ ಇವೆ. ಬಣ್ಣ ಬೇರೆ ಬೇರೆಯಾಗಿದ್ದರೆ ಪ್ರತಿ ಜಾತಿಯೂ 1,200 ಕಳೆದುಕೊಳ್ಳುತ್ತದೆ. ಚಿಕ್ಕ ಗುಂಪಿನಲ್ಲಿ ಉಳಿಯುವುದು ಬರೀ 800. ಬಣ್ಣ ಒಂದೇ ಆಗಿದ್ದರೆ? ಆ 1,200ರ ನಷ್ಟ ಹಂಚಿಹೋಗುತ್ತದೆ. ದೊಡ್ಡ ಗುಂಪಿಗೆ 1,000, ಚಿಕ್ಕದಕ್ಕೆ 200. ಬೀದಿ ಗಣಪತಿಗೆ ಎಲ್ಲರೂ ಚಂದಾ ಹಾಕಿದ ಹಾಗೆ, ಖರ್ಚು ಒಬ್ಬರ ತಲೆ ಮೇಲೆ ಬೀಳುವುದಿಲ್ಲ.

ಯಾರಿಗೆ ಜಾಸ್ತಿ ಲಾಭ ಅಂತಲೂ ನೋಡಿ. ದೊಡ್ಡ ಗುಂಪು ಉಳಿಸಿದ್ದು 200, ಅಂದರೆ ನೂರಕ್ಕೆ 2. ಚಿಕ್ಕದು ಉಳಿಸಿದ್ದು 1,000, ತನ್ನ ಅರ್ಧದಷ್ಟು! ಹಾಗಾಗಿ ಸಂಖ್ಯೆ ಕಡಿಮೆ ಇರುವ ಜಾತಿಯೇ ಜಾಸ್ತಿ ಇರುವುದರ ಬಣ್ಣದ ಕಡೆ ವಾಲುವ ಸಾಧ್ಯತೆ ಹೆಚ್ಚು. ಚಿಟ್ಟೆಗಳೇನೂ ಕೂತು ಮಾತಾಡಿಕೊಂಡು ಬಣ್ಣ ಬದಲಿಸುವುದಿಲ್ಲ. ಹುಟ್ಟಿನಿಂದಲೇ ಚೂರು ಜಾಸ್ತಿ ಹೋಲುವ ಚಿಟ್ಟೆ ಹಕ್ಕಿಯಿಂದ ಬಚಾವಾಗಿ ಮೊಟ್ಟೆ ಇಡುತ್ತದೆ. ತಲೆಮಾರುಗಳು ಕಳೆದಂತೆ ಹೋಲಿಕೆ ಗಟ್ಟಿಯಾಗುತ್ತದೆ.

ಇಲ್ಲೇ ಅಸಲಿಗೂ ನಕಲಿಗೂ ಇರುವ ವ್ಯತ್ಯಾಸ ತಿಳಿಯುವುದು. ನಕಲಿಗಳು ಹೆಚ್ಚಾದರೆ ಆ ಬಣ್ಣ ರುಚಿಯಾಗಿದೆ ಅಂತ ಹಕ್ಕಿ ಕಲಿತುಬಿಡುತ್ತದೆ, ಎಲ್ಲರಿಗೂ ತೊಂದರೆ. ಅಸಲಿಗಳು ಹೆಚ್ಚಾದಷ್ಟೂ ಎಲ್ಲರಿಗೂ ಒಳ್ಳೆಯದು.

ಅಪ್ಸೆಣಬಿನ ಹೊಲಕ್ಕೂ ಹೋಗಿ

ಮಂಡ್ಯದವರಿಗೆ ಇದು ಸುಲಭ. ಭತ್ತದ ಗದ್ದೆಗೆ ಹಸಿರು ಗೊಬ್ಬರ ಅಂತ ಬೆಳೆಯುವ ಅಪ್ಸೆಣಬಿನ ಒಣಗಿದ ಅಥವಾ ಗಾಯವಾದ ಕಡ್ಡಿ, ಎಲೆಗಳ ಮೇಲೆ ಚಿಟ್ಟೆಗಳು ಮುತ್ತಿರುವುದನ್ನು ಕಾಣಬಹುದು. ಹೆಚ್ಚಿನವು ಗಂಡುಗಳು. ಹೂವಿನ ಜೇನು ಬಿಟ್ಟು ಒಣ ಕಡ್ಡಿಗೆ ಕೊಳವೆ ನಾಲಿಗೆ ಒತ್ತಿ ಏನೋ ಹೀರುತ್ತಿರುತ್ತವೆ. ಅದು ಗಿಡದ ಇನ್ನೊಂದು ಬಗೆಯ ಕಹಿ ವಿಷ. ಮೈಗೆ ರಕ್ಷಣೆಯೂ ಆಯಿತು, ಹೆಣ್ಣನ್ನು ಸೆಳೆಯುವ ವಾಸನೆಗೆ ಕಚ್ಚಾ ಮಾಲೂ ಆಯಿತು. ನೀಲಿ ಮಚ್ಚೆಯ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್ ಒಂದೇ ಕಡ್ಡಿಯ ಮೇಲೆ ಕೂತಿದ್ದರೆ ಬೇರೆ ಮಾಡುವುದು ಕಷ್ಟ. ಕಂದುಗಪ್ಪು ಬಣ್ಣದ ಕಾಮನ್ ಕ್ರೋ ಚಿಟ್ಟೆ ಕೂಡ ಜೊತೆಗಿರುತ್ತದೆ.

ಹತ್ತಿರದಿಂದ ರೆಕ್ಕೆ ನೋಡಿ. ಎರಡೂ ಕಡೆ ಒಂದೇ ಜಾಗದಲ್ಲಿ ಚೂಪಾಗಿ ಹರಿದಿದ್ದರೆ, ರೆಕ್ಕೆ ಮಡಚಿ ಕೂತಾಗ ಹಕ್ಕಿ ಕಚ್ಚಿ ಬಿಟ್ಟ ಗುರುತು ಅದಾಗಿರಬಹುದು. ಈ ಚಿಟ್ಟೆಗಳ ಮೈ ಗಟ್ಟಿ. ಒಂದೆರಡು ಕುಕ್ಕಿಗೆ ಸಾಯುವುದಿಲ್ಲ.

ಗುಂಪು ಮಾಡುವಾಗ ಎಚ್ಚರ

ಟೈಗರ್‌ಗಳೆಲ್ಲ ಹತ್ತಿರದ ನೆಂಟರು, ಆದ್ದರಿಂದ ಒಂದಿಷ್ಟು ಹೋಲಿಕೆ ಪೂರ್ವಜರಿಂದಲೇ ಬಂದಿರಬಹುದು. ಮನೆಯ ಕರಿಬೇವಿನ ಗಿಡದಲ್ಲೂ ಒಂದು ಪರೀಕ್ಷೆ ಇದೆ. ಅಲ್ಲಿ ಮೊಟ್ಟೆ ಇಡುವ ಕಾಮನ್ ಮಾರ್ಮನ್ ಚಿಟ್ಟೆಯ ಹೆಣ್ಣುಗಳಲ್ಲಿ ಕೆಲವು ಕಾಮನ್ ರೋಸ್ ಚಿಟ್ಟೆಯ ಹಾಗೆ, ಕೆಲವು ಕ್ರಿಮ್ಸನ್ ರೋಸ್ ಚಿಟ್ಟೆಯ ಹಾಗೆ ಕಾಣುತ್ತವೆ. ಮೈ ನೋಡಿ. ರೋಸ್‌ಗಳದ್ದು ಕೆಂಪು, ಮಾರ್ಮನ್‌ನದ್ದು ಕಪ್ಪು. ರೋಸ್‌ಗಳ ಹುಳ ತಿನ್ನುವುದು ವಿಷದ ಈಶ್ವರಿ ಬಳ್ಳಿ. ಮಾರ್ಮನ್ ನಕಲಿ, ಎರಡು ರೋಸ್‌ಗಳೂ ಅಸಲಿ.

ನೋಟ್‌ಬುಕ್‌ನಲ್ಲಿ ಮೂರು ಕಾಲಂ ಇರಲಿ: ಚಿಟ್ಟೆ, ಹುಳ ತಿನ್ನುವ ಗಿಡ, ಅಸಲಿಯೋ ನಕಲಿಯೋ. ಕೊನೆಯದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಅಮೆರಿಕದ ವೈಸ್‌ರಾಯ್ ಚಿಟ್ಟೆಯನ್ನು ಪಠ್ಯಪುಸ್ತಕಗಳು ಬಹಳ ಕಾಲ ವಿಷದ ಮೊನಾರ್ಕ್ ಚಿಟ್ಟೆಯ ನಕಲಿ ಅಂತಲೇ ಹೇಳುತ್ತಿದ್ದವು. 1991ರಲ್ಲಿ ಡೇವಿಡ್ ರಿಟ್‌ಲ್ಯಾಂಡ್ ಮತ್ತು ಲಿಂಕನ್ ಬ್ರೋವರ್ ಹಕ್ಕಿಗಳಿಗೆ ತಿನ್ನಲು ಕೊಟ್ಟು ನೋಡಿದರು. ವೈಸ್‌ರಾಯ್ ಕೂಡ ಅಷ್ಟೇ ಕಹಿ ಇತ್ತು.