ರಾಜಪ್ರವಾಸದ ಹಳೇ ರೀಲು: ಡಬ್ಬದ ಚೀಟಿಗಿಂತ ಫಿಲ್ಮಿನ ಅಂಚು ನೋಡಿ

ಬ್ರಿಟಿಷರ ಕಾಲದ ರೀಲು ಕೈಗೆ ಬಂದರೆ ನಾನು ಮೊದಲು ನೋಡುವುದು ಅದರ ಅಗಲ. 35 ಎಂ.ಎಂ. ಆಗಿದ್ದು 1950ಕ್ಕಿಂತ ಹಿಂದಿನದಾದರೆ ಬೇಗ ಹೊತ್ತಿಕೊಳ್ಳುವ ಹಳೇ ಬಗೆಯ ನೈಟ್ರೇಟ್ ಫಿಲ್ಮ್ ಎಂದೇ ಎಣಿಸಿ ಪಕ್ಕಕ್ಕಿಡುತ್ತೇನೆ. ಹೊತ್ತಿಕೊಂಡರೆ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ, ನೀರು ಸುರಿದರೂ ಆರದು. ಸುರುಳಿ ಅಂಟಂಟಾಗಿದ್ದರೆ, ಕಂದು ಪುಡಿ ಉದುರುತ್ತಿದ್ದರೆ ಬಿಚ್ಚುವ ಗೋಜಿಗೇ ಹೋಗಬೇಡಿ. ತಂಪಾದ ಜಾಗದಲ್ಲಿಟ್ಟು ನೈಟ್ರೇಟ್ ನಿಭಾಯಿಸುವ ಫಿಲ್ಮ್ ಆರ್ಕೈವ್‌ಗೆ ತಿಳಿಸಿ. ಕೊರಿಯರ್‌ನಲ್ಲಂತೂ ಕಳಿಸಲೇಬಾರದು.

16 ಎಂ.ಎಂ. ಆದರೆ ಬೆಂಕಿಯ ಭಯ ಕಡಿಮೆ. ಕೊಡಾಕ್ ಇದನ್ನು ಮಾರುಕಟ್ಟೆಗೆ ತಂದದ್ದು 1923ರಲ್ಲಿ. ಚೀಟಿಯಲ್ಲಿ 'ಪ್ರಿನ್ಸ್ ಆಫ್ ವೇಲ್ಸ್, ಮೈಸೂರು, 1922' ಎಂದಿದ್ದು ಒಳಗಿರುವುದು 16 ಎಂ.ಎಂ. ಆದರೆ ಅದು ಕ್ಯಾಮೆರಾದಲ್ಲಿ ಓಡಿದ ಫಿಲ್ಮಲ್ಲ, ಆಮೇಲೆ 35ರಿಂದ ಇಳಿಸಿಕೊಂಡ ಪ್ರತಿ. ಹಾಗಂತ ಎಸೆಯಬೇಡಿ, ಉಳಿದಿರುವುದು ಅದೊಂದೇ ಇರಬಹುದು.

ಇನ್ನು ಅಂಚು. ಕೊಡಾಕ್ ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನದ ಗುರುತುಗಳಿರುತ್ತವೆ; ಇಪ್ಪತ್ತು ವರ್ಷಕ್ಕೊಮ್ಮೆ ಅವೇ ಮರುಕಳಿಸುತ್ತವೆ. ಎರಡು ತ್ರಿಕೋನ ಕಂಡರೆ 1921, 1941 ಅಥವಾ 1961. 16 ಎಂ.ಎಂ.ನಲ್ಲಿ 1921 ತಾನಾಗಿ ಬಿದ್ದುಹೋಗುತ್ತದೆ. ಬಣ್ಣದ ಕೊಡಾಕ್ರೋಮ್ 1935ರಲ್ಲೇ ಬಂದದ್ದರಿಂದ ಬಣ್ಣವಿದೆ ಎಂದ ಮಾತ್ರಕ್ಕೆ 1961 ಎನ್ನುವಂತಿಲ್ಲ. ಕಟ್ಟಡದ ಮೇಲೆ ತ್ರಿವರ್ಣ ಹಾರುತ್ತಿದ್ದರೆ ಎಲಿಜಬೆತ್ ರಾಣಿ ಬೆಂಗಳೂರಿಗೆ ಬಂದ 1961ರ ಕಡೆಗೆ ಹುಡುಕಿ. ಗುರುತು ಹೇಳುವುದು ಫಿಲ್ಮ್ ತಯಾರಾದ ವರ್ಷವನ್ನು, ಚಿತ್ರೀಕರಣದ ವರ್ಷವನ್ನಲ್ಲ. ಪ್ರತಿ ತೆಗೆಯುವಾಗ ಮೂಲದ ಗುರುತೂ ಅಚ್ಚಾಗಿ ಬಂದಿರಬಹುದು. ಅಂಚು ಪೂರ್ತಿ ಕಪ್ಪಗಿದ್ದರೆ ಸಾಮಾನ್ಯವಾಗಿ ರಿವರ್ಸಲ್ ಫಿಲ್ಮ್, ಅಂದರೆ ಕ್ಯಾಮೆರಾದಲ್ಲಿ ಓಡಿದ್ದನ್ನೇ ತೊಳೆದು ನೇರವಾಗಿ ನೋಡುವಂಥದ್ದು. ತೋಟದ ದೊರೆಗಳ ಮನೆ ಸಿನಿಮಾಗಳು ಹೆಚ್ಚಾಗಿ ಇಂಥವೇ, ಅವಕ್ಕೆ ನೆಗೆಟಿವ್ ಇರುವುದೇ ಇಲ್ಲ.

ಚೀಟಿಯಲ್ಲಿ ಬರೀ 'ದೆಹಲಿ ದರ್ಬಾರ್' ಎಂದಿದ್ದರೆ ಪುರಪ್ರವೇಶದ ದೃಶ್ಯ ನೋಡಿ. 1903ರಲ್ಲಿ ವೈಸರಾಯ್ ಕರ್ಜನ್ ಬಂದದ್ದು ಆನೆ ಮೇಲೆ, 1911ರಲ್ಲಿ ಐದನೇ ಜಾರ್ಜ್ ಬಂದದ್ದು ಕುದುರೆ ಮೇಲೆ.

ವಿನೆಗರ್ ವಾಸನೆ ಬಂದರೆ ಅಸಿಟೇಟ್, ಅಂದರೆ ನೈಟ್ರೇಟಿನಂತೆ ಹೊತ್ತಿಕೊಳ್ಳದ ಬಗೆಯ ಫಿಲ್ಮ್, ಕೊಳೆಯುತ್ತಿದೆ ಎಂದರ್ಥ; ಆ ಡಬ್ಬವನ್ನು ಬೇರೆಯವುಗಳಿಂದ ದೂರವಿಡಿ. ಫಿಲ್ಮ್ ಎಷ್ಟು ಕುಗ್ಗಿದೆ ಎಂದು ತಿಳಿಯಲು ನೂರು ಫ್ರೇಮ್ ಎಣಿಸಿ ಉಕ್ಕಿನ ಸ್ಕೇಲಿನ ಪಕ್ಕ ಎಳೆಯದೆ ಹರಡುತ್ತೇನೆ. 16 ಎಂ.ಎಂ. ಆದರೆ 762 ಮಿ.ಮೀ. ಇರಬೇಕು. 754ಕ್ಕೆ ಇಳಿದಿದ್ದರೆ ಶೇಕಡಾ ಒಂದರಷ್ಟು ಕುಗ್ಗಿದೆ, ಪ್ರೊಜೆಕ್ಟರಿನ ಹಲ್ಲು ರಂಧ್ರಗಳನ್ನು ಹರಿದುಹಾಕುತ್ತದೆ. ಹಲ್ಲಿಲ್ಲದ, ರೋಲರ್ ಮೇಲೆ ಓಡುವ ಸ್ಕ್ಯಾನರೇ ಗತಿ. ನೆಗೆಟಿವ್ ಇಲ್ಲದ್ದನ್ನು ಕುಗ್ಗದಿದ್ದರೂ ಪ್ರೊಜೆಕ್ಟರಿಗೆ ಏರಿಸುವುದಿಲ್ಲ.

ಸ್ಕ್ಯಾನ್ ಮಾಡಿಸುವಾಗ ಪ್ರತಿ ಫ್ರೇಮನ್ನೂ ಒಂದೊಂದೇ ಚಿತ್ರವಾಗಿ ಕೇಳಿ ಪಡೆಯಿರಿ. ನೂರು ಅಡಿ 16 ಎಂ.ಎಂ. ಎಂದರೆ 4000 ಫ್ರೇಮ್. ಮೂಕಿ ಫಿಲ್ಮಿನ ವೇಗದಲ್ಲಿ, ಸೆಕೆಂಡಿಗೆ 16 ಫ್ರೇಮಿನಂತೆ, 4 ನಿಮಿಷ 10 ಸೆಕೆಂಡು. ಅದನ್ನೇ 24ಕ್ಕೆ ಓಡಿಸಿದರೆ 2 ನಿಮಿಷ 47 ಸೆಕೆಂಡಿಗೆ ಮುಗಿದು ಮಹಾರಾಜರೂ ಓಡೋಡಿ ಕೈಕುಲುಕುತ್ತಾರೆ. ವೇಗ ಸರಿಪಡಿಸಲು ಕಂಪ್ಯೂಟರ್ ಹುಟ್ಟಿಸಿದ ಫ್ರೇಮ್ ತುಂಬುವುದು, ಕಪ್ಪು-ಬಿಳುಪಿಗೆ ಬಣ್ಣ ಬಳಿಯುವುದು ನನಗೆ ಒಪ್ಪಿಗೆಯಿಲ್ಲ. ಬೇಕಿದ್ದರೆ ಬೇರೆ ಪ್ರತಿಯಲ್ಲಿ ಮಾಡಿಕೊಳ್ಳಲಿ.

ಟಿವಿಗೆ ಹೊಂದಲೆಂದು 16:9ಕ್ಕೆ ಕತ್ತರಿಸಲು ಬಿಡಲೇಬೇಡಿ. ರಂಧ್ರಗಳೂ ಕಾಣುವಂತೆ ಪೂರ್ತಿ ಅಗಲ ತೆಗೆಸಿ. ಕ್ಯಾಮೆರಾದ ಕಣ್ಣು ರಾಜಕುಮಾರನ ಕಾರಿನ ಮೇಲೇ ಇದ್ದರೂ ಹಗ್ಗ ಹಿಡಿದ ಪೊಲೀಸರು, ರಸ್ತೆಗೆ ನೀರು ಚಿಮುಕಿಸುವವರು, ಅಂಗಡಿಯ ಬೋರ್ಡು ಇರುವುದು ಚೌಕಟ್ಟಿನ ಅಂಚಿನಲ್ಲೇ. ಕ್ಯಾಟಲಾಗಿನಲ್ಲಿ ಅವರನ್ನೂ ನಿಮಿಷ-ಸೆಕೆಂಡಿನ ಸಮೇತ ಬರೆಯುತ್ತೇನೆ.