ಮೂವರು ನಟರು, ಹದಿನೆಂಟು ಮುಖವಾಡ: ಈಡಿಪಸ್ ಆಡಿಸಿದ ಬಗೆ

ಪ್ರಾಚೀನ ಗ್ರೀಸಿನ ನಾಟಕಕಾರ ಸೊಫೊಕ್ಲಿಸನ ಈಡಿಪಸ್ ನಾಟಕವನ್ನು ಮೂರೇ ನಟರಲ್ಲಿ, ತಲೆ ಮುಚ್ಚುವ ಮುಖವಾಡ ಹಾಕಿ, ಮಧ್ಯಂತರ ಇಲ್ಲದೆ ಆಡಿಸುತ್ತೇವೆ ಅಂದಾಗ ನಕ್ಕವರೇ ಹೆಚ್ಚು. ಮಾತು ಕೇಳಿಸಲ್ಲ, ಮುಖ ಕಾಣದೆ ಜನ ಮರುಗಲ್ಲ, ಒಂದೂಮುಕ್ಕಾಲು ಗಂಟೆ ಯಾರೂ ಕೂರಲ್ಲ ಅಂತ ಆಕ್ಷೇಪ. ಈಗ ಪ್ರಯೋಗ ಕುದುರಿದೆ, ಮೈಕಿಲ್ಲದೆ ಕೊನೇ ಸಾಲಿಗೂ ಕೇಳಿಸುತ್ತಿದೆ. 1972ರಲ್ಲಿ ಬಿ.ವಿ. ಕಾರಂತರು ಲಂಕೇಶರ ಅನುವಾದವನ್ನು ಬೆಂಗಳೂರಿನಲ್ಲಿ ಆಡಿಸಿದ ಮೇಲೆ ಈ ನಾಟಕ ಕನ್ನಡಕ್ಕೆ ಹೊಸದಲ್ಲ. ಹಾಗಾಗಿ ಕಥೆ ಹೇಳುತ್ತ ಕೂರುವುದಿಲ್ಲ, ಒಂದೇ ಮಾತು: ತಿಳಿಯದೆ ತಂದೆ ಲಾಯಸ್‌ನನ್ನು ಕೊಂದು ತಾಯಿ ಜೊಕಾಸ್ತಳನ್ನು ಮದುವೆಯಾದ ಥೀಬ್ಸಿನ ದೊರೆ ಈಡಿಪಸ್, ಲಾಯಸ್‌ನ ಕೊಲೆಗಾರನನ್ನು ಹುಡುಕುತ್ತ ಹೋಗಿ ಅದು ತಾನೇ ಎಂದು ತಿಳಿದು ಕಣ್ಣು ಚುಚ್ಚಿಕೊಳ್ಳುತ್ತಾನೆ.

ಮೊದಲು ಪಾತ್ರ ಹಂಚಿಕೆ. ಮಾತಿರುವ ಪಾತ್ರ ಎಂಟು. ಒಬ್ಬ ನಟ ಈಡಿಪಸ್ ಮಾತ್ರ. ಎರಡನೆಯವರಿಗೆ ಪೂಜಾರಿ, ಜೊಕಾಸ್ತ, ಮುದಿ ಕುರುಬ, ಕೊನೆಯಲ್ಲಿ ಅರಮನೆಯೊಳಗಿನ ಸುದ್ದಿ ತರುವ ದೂತ. ಮೂರನೆಯವರಿಗೆ ಜೊಕಾಸ್ತಳ ತಮ್ಮ ಕ್ರಿಯಾನ್, ಕುರುಡ ಕಾಲಜ್ಞಾನಿ ಟೈರೀಸಿಯಸ್, ಈಡಿಪಸ್ ಬೆಳೆದ ಊರಾದ ಕಾರಿಂತ್‌ನ ದೂತ. ಪಠ್ಯದ ಪ್ರವೇಶ ನಿರ್ಗಮನಗಳನ್ನು ಒಂದು ಹಾಳೆಯಲ್ಲಿ ಗೆರೆ ಹಾಕಿ ನೋಡಿ, ಎಲ್ಲೂ ಡಿಕ್ಕಿ ಹೊಡೆಯುವುದಿಲ್ಲ. ಈ ಹಂಚಿಕೆಯಿಂದ ದುಡ್ಡು ಉಳಿಯುವುದು ಒಂದು ಲಾಭ. ಅದಕ್ಕಿಂತ ದೊಡ್ಡದು, ಟೈರೀಸಿಯಸ್ ಮತ್ತು ಕ್ರಿಯಾನ್ ಕೂಡಿ ಪಿತೂರಿ ಮಾಡಿದ್ದಾರೆ ಎಂದು ಈಡಿಪಸ್ ಕೂಗಾಡುವಾಗ ಎರಡೂ ಮುಖವಾಡದ ಹಿಂದಿನ ದನಿ ಒಂದೇ ಎಂಬುದು ಸಭಿಕರ ಕಿವಿಗೆ ಬಿದ್ದಿರುತ್ತದೆ. ದೊರೆಯ ಸಂಶಯ ಹುಚ್ಚಾಟ ಅನ್ನಿಸುವುದಿಲ್ಲ. ಜೊಕಾಸ್ತಳ ಸಾವಿನ ಸುದ್ದಿಯನ್ನು ಅವಳಾಡಿದ ಬಾಯಿಯೇ ತರುತ್ತದೆ. ಹತ್ತು ಹನ್ನೆರಡು ನಟರನ್ನು ಹಾಕಿದರೆ ಇದು ಸಿಗಲ್ಲ.

ಗ್ರೀಸಿನಲ್ಲಿ ಎಲ್ಲರೂ ಗಂಡಸರೇ. ನಮ್ಮಲ್ಲಿ ಎರಡನೆಯವರ ಪಾತ್ರಗಳನ್ನು ಹೆಣ್ಣುಮಗಳೊಬ್ಬರು ಆಡುತ್ತಾರೆ. ಮುದಿ ಕುರುಬನಿಗೆ ಹೆಂಗಸಿನ ದನಿಯೇ ಅಂತ ಕೇಳಿದವರು ನಾಟಕ ನೋಡಿದ ಮೇಲೆ ಕೇಳಿಲ್ಲ.

ಕಷ್ಟವಿರುವುದು ಜೊಕಾಸ್ತ ಒಳಗೆ ಓಡಿ ಕುರುಬನಾಗಿ ಹೊರಬರುವ ಜಾಗದಲ್ಲಿ. ನಡುವೆ ಮೇಳದ, ಅಂದರೆ ಥೀಬ್ಸಿನ ಮುದುಕರಾಗಿ ಹಾಡುವ ಗುಂಪಿನ, ಒಂದು ಚಿಕ್ಕ ಹಾಡು, ನಮ್ಮ ಧಾಟಿಯಲ್ಲಿ ಎರಡೂವರೆ ನಿಮಿಷ. ಜೊಕಾಸ್ತಳ ನಿಲುವಂಗಿಯ ಅಡಿಯಲ್ಲೇ ಕುರುಬನ ಮೊಣಕಾಲುದ್ದದ ಬಟ್ಟೆ ಉಟ್ಟಿರಬೇಕು. ನಿಲುವಂಗಿ ನಿಲ್ಲುವುದು ಎರಡು ಭುಜದ ಪಿನ್ನುಗಳ ಮೇಲೆ ಮಾತ್ರ. ಎರಡೂ ಕಿತ್ತರೆ ಬಟ್ಟೆ ತಾನೇ ಜಾರುತ್ತದೆ. ಈಡಿಪಸ್ ಕಣ್ಣಿಗೆ ಚುಚ್ಚಿಕೊಳ್ಳುವುದು ಈ ಪಿನ್ನುಗಳನ್ನೇ, ಆದ್ದರಿಂದ ಮೊದಲಿಂದಲೇ ಅವು ಜನರ ಕಣ್ಣಿಗೆ ಬೀಳಬೇಕು. ಸೀರೆ ಪಿನ್ನು ಐದನೇ ಸಾಲಿಗೂ ಕಾಣಲ್ಲ. ದೊಡ್ಡ ಸೇಫ್ಟಿ ಪಿನ್ನಿಗೆ ಮೂರು ಬೆರಳಗಲದ ಹಿತ್ತಾಳೆ ತಗಡು ತಟ್ಟಿ ಬೆಸುಗೆ ಹಾಕಿಸಿ. ಹೊಳಪು ಕೊಟ್ಟ ಮುಖ ಸ್ವಲ್ಪ ಉಬ್ಬಿರಲಿ. ಸಪಾಟಾಗಿದ್ದರೆ ಒಂದೇ ಕೋನದಲ್ಲಿ ಮಿಂಚಿ ಸುಮ್ಮನಾಗುತ್ತದೆ.

ಇನ್ನು ಮುಖವಾಡ. ಎಂಟು ಪಾತ್ರಕ್ಕೆ ಎಂಟು, ಕಣ್ಣು ಹೋದ ಈಡಿಪಸ್‌ಗೆ ಇನ್ನೊಂದು, ಮೇಳಕ್ಕೆ ಒಂದೇ ಅಚ್ಚಿನ ಒಂಬತ್ತು. ಸೊಫೊಕ್ಲಿಸನ ಕಾಲದಲ್ಲಿ ಮೇಳ ಹದಿನೈದು ಜನರದು. ನಮ್ಮ ಊರುಗಳ ರಂಗಕ್ಕೆ ಒಂಬತ್ತು ಸಾಕು, ಮೂರು ಮೂರರ ಸಾಲು ಕಟ್ಟಬಹುದು. ಫೈಬರ್ ಕೆಲಸದವರೊಬ್ಬರು ಒಂದಕ್ಕೆ ನಾಲ್ಕು ಸಾವಿರ ಕೇಳಿದರು, ಎಲ್ಲ ಸೇರಿ ಎಪ್ಪತ್ತು ಸಾವಿರ ದಾಟುತ್ತಿತ್ತು. ಕಾಗದದಲ್ಲಿ ನಾವೇ ಮಾಡಿದ್ದಕ್ಕೆ ಬಣ್ಣ, ಸೆಣಬು ಎಲ್ಲ ಹಿಡಿದು ಹತ್ತು ಸಾವಿರದ ಒಳಗೇ ಮುಗಿಯಿತು.

ಜೇಡಿಮಣ್ಣಿನ ಅಚ್ಚು ತಲೆಗಿಂತ ಸುತ್ತಲೂ ಒಂದಿಂಚು ದೊಡ್ಡದಿರಲಿ. ಮೇಲೆ ತೆಳು ಪ್ಲಾಸ್ಟಿಕ್, ಆಮೇಲೆ ಪೇಪರಿನ ಆರು ಪದರ, ಕೊನೆಗೆ ಮಲ್ ಬಟ್ಟೆಯ ಎರಡು ಪದರ. ಒಣಗಿದ ಮೇಲೆ ಹಿಂಬದಿ ಸೀಳಿ ಅಚ್ಚಿನಿಂದ ಬಿಡಿಸಿ, ಸೀಳನ್ನು ಬಟ್ಟೆ ಪಟ್ಟಿಯಿಂದ ಮತ್ತೆ ಕೂಡಿಸಿ. ಮೈದಾ ಅಂಟಿಗೆ ಹುಳ ಬರದಿರಲೆಂದು ಮೈಲುತುತ್ತ ಹಾಕುವ ರೂಢಿಯಿದೆ. ಇಲ್ಲಿ ಬೇಡವೇ ಬೇಡ, ಬೆವರಿಗೆ ಕರಗಿ ತುಟಿಗೆ ಬರುತ್ತದೆ. ಒಳಗಿನ ಎರಡು ಪದರಕ್ಕೆ ಫೆವಿಕಾಲ್, ಹೊರಗಿನದಕ್ಕೆ ಮೈದಾ. ಮುಗಿದಾಗ ನಾನೂರು ಗ್ರಾಂ ಒಳಗಿರಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚಿ ನಯ ಮಾಡಲು ಹೋದರೆ ತೂಕ ಎರಡರಷ್ಟಾಗಿ ಅರ್ಧ ನಾಟಕಕ್ಕೇ ಕುತ್ತಿಗೆ ಬೀಳುತ್ತದೆ, ಒಮ್ಮೆ ಎಲ್ಲಾದರೂ ತಗುಲಿದರೆ ಮೂಗು ಉದುರುತ್ತದೆ.

ಮಾತು ಕೇಳಿಸಲ್ಲ ಎನ್ನುವ ದೂರು ಬರುವುದು ಬಾಯಿ ಚಿಕ್ಕದಾಯಿತೆಂದು ಅಂದುಕೊಳ್ಳುತ್ತಾರೆ. ಬಾಯಿ ಎರಡೂವರೆ ಇಂಚು ಅಗಲ, ಒಂದಿಂಚು ಎತ್ತರ ಬೇಕು, ನಿಜ. ಆದರೆ ಅದನ್ನು ಎಷ್ಟು ದೊಡ್ಡದು ಮಾಡಿದರೂ ದನಿ ಏಳುತ್ತಿರಲಿಲ್ಲ. ದೋಷ ಕಿವಿಯದು. ತಲೆ ಪೂರಾ ಮುಚ್ಚಿದಾಗ ನಟರಿಗೆ ತಮ್ಮ ದನಿ ಒಳಗೇ ಗುಂಯ್‌ಗುಡುತ್ತದೆ, ಜೋರಾಗಿಯೇ ಹೇಳುತ್ತಿದ್ದೇವೆ ಅಂದುಕೊಂಡು ತಮಗರಿವಿಲ್ಲದೆ ತಗ್ಗಿಸುತ್ತಾರೆ. ಕಿವಿಯ ಜಾಗದಲ್ಲಿ ಐದು ರೂಪಾಯಿ ನಾಣ್ಯದಷ್ಟು ತೂತು ಕೊರೆದು ಸೆಣಬಿನ ಕೂದಲಿನಿಂದ ಮುಚ್ಚಿದ ದಿನವೇ ದನಿ ಹೊರಬಂತು. ಸ್ಪಂಜು ಹಣೆ, ನೆತ್ತಿ, ಕೆನ್ನೆಯ ಮೂಳೆ ಇಷ್ಟಕ್ಕೇ. ಕೆನ್ನೆಯ ಪೊಳ್ಳಿಗೆ ತುರುಕಿದರೆ ದನಿಯನ್ನು ಅದೇ ಕುಡಿಯುತ್ತದೆ.

ಕಣ್ಣಿನ ತೂತು ಒಂದೂವರೆ ಸೆಂಟಿಮೀಟರ್, ಪಾಪೆಯಷ್ಟೇ. ಕಾಲ ಬುಡ ಕಾಣಿಸಲ್ಲ. ರಂಗದ ಅಂಚಿಗೆ ಒಂದು ಮಾರು ಮೊದಲೇ ಜಮಖಾನದ ಅಡಿಗೆ ತೆಂಗಿನ ನಾರಿನ ಹಗ್ಗ ಹಾಸಿ, ಪಾದಕ್ಕೆ ಗೊತ್ತಾಗುತ್ತದೆ.

ಬೆಳಕು ಮೇಲಿನಿಂದ, ಓರೆಯಾಗಿ, ಎರಡೂ ಬದಿಯಿಂದ. ಮುಖವಾಡದ ಹುಬ್ಬಿನ ನೆರಳು ಕಣ್ಣಿಗೆ ಬಿದ್ದರೇ ತಲೆ ತಗ್ಗಿಸಿದಾಗ ದುಃಖ, ಎತ್ತಿದಾಗ ದರ್ಪ ಕಾಣುವುದು. ಎದುರಿನಿಂದ ಎಲ್‌ಇಡಿ ಹೊಡೆದರೆ ಸಪ್ಪೆ. ಗ್ರೀಕರು ಹಗಲಲ್ಲೇ ಆಡುತ್ತಿದ್ದರು, ಬೆಳಕಿನ ಬಾಡಿಗೆಯೇ ಇಲ್ಲ. ಅದನ್ನೂ ಒಂದು ಶಾಲೆಯ ಬಯಲಲ್ಲಿ ಬೆಳಗಿನ ಎಂಟು ಗಂಟೆಗೆ ಮಾಡಿ ನೋಡಿದ್ದಾಯಿತು. ಮುಖವಾಡ ಅಷ್ಟು ಚೆನ್ನಾಗಿ ಮತ್ತೆಲ್ಲೂ ಕಂಡಿಲ್ಲ, ಆದರೆ ಆ ಹೊತ್ತಿಗೆ ಟಿಕೆಟ್ ಕೊಳ್ಳುವವರಿಲ್ಲ.

ಮೇಳಕ್ಕೆ ಹಾರ್ಮೋನಿಯಂ ಹಾಕಿದರೆ ಕಂಪನಿ ನಾಟಕದ ವಾಸನೆ ಬರುತ್ತದೆ. ಗ್ರೀಕರ ಆಲೊಸ್ ಜೋಡಿ ನಾಲಗೆಯ ವಾದ್ಯ. ನಮ್ಮ ಮೂಡಲಪಾಯ ಯಕ್ಷಗಾನದ ಮುಖವೀಣೆಯೂ ಅದೇ ಜಾತಿಯದು. ಒಬ್ಬ ಕಲಾವಿದರು ಸಾಕು, ಶ್ರುತಿಯನ್ನು ಮೇಳ ಅದಕ್ಕೇ ಹೊಂದಿಸಿಕೊಳ್ಳಬೇಕು. ಯಕ್ಷಗಾನದ ಭಾಗವತರ ಥರ ಒಬ್ಬರು ನಿಂತು ಹಾಡಿ ಕಥೆ ನಡೆಸುವ ಪ್ರಯೋಗವೂ ನಡೆಯಿತು, ಹಾಡೇನೋ ಸೊಗಸು. ಭಾಗವತರಿಗೆ ಮುಂದಿನದೆಲ್ಲ ಗೊತ್ತು, ಥೀಬ್ಸಿನ ಈ ಮುದುಕರಿಗೆ ಏನೂ ಗೊತ್ತಿಲ್ಲ, ತಮ್ಮ ದೊರೆ ಗೆಲ್ಲಲಿ ಎಂದೇ ಹಾಡುತ್ತಾರೆ. ಹಾಗಾಗಿ ಬಿಟ್ಟೆವು. ಈಡಿಪಸ್‌ನನ್ನೇ ಕರ್ಣ ಮಾಡಿ ಎನ್ನುವ ಸಲಹೆ ತಪ್ಪದೆ ಬರುತ್ತದೆ. ಬಿ.ಎಂ.ಶ್ರೀ ಅವರು ಸೊಫೊಕ್ಲಿಸನ ಏಜಾಕ್ಸನನ್ನು 1929ರಲ್ಲಿ ಅಶ್ವತ್ಥಾಮನನ್ನಾಗಿ ಮಾಡಿ ಗೆದ್ದ ದಾರಿ ಅದು. ಕರ್ಣನಿಗೆ ಯುದ್ಧಕ್ಕೆ ಮುಂಚೆಯೇ ಹುಟ್ಟು ತಿಳಿಯುತ್ತದೆ, ಆಮೇಲೂ ಅವನು ಆರಿಸಿಕೊಳ್ಳಬಹುದು. ಈಡಿಪಸ್‌ಗೆ ತಿಳಿಯುವ ಹೊತ್ತಿಗೆ ಮಾಡುವುದೆಲ್ಲ ಮಾಡಿ ಮುಗಿದಿದೆ. ತಂದೆಯನ್ನು ಕೊಲ್ಲುವೆ ಎಂಬ ದೈವವಾಣಿಗೆ ಹೆದರಿ ಕಾರಿಂತ್ ಬಿಟ್ಟು ಓಡಿದ್ದೇ ಅವನನ್ನು ಮೂರು ದಾರಿ ಕೂಡುವಲ್ಲಿಗೆ, ತಂದೆಯ ಎದುರಿಗೆ ತಂದು ನಿಲ್ಲಿಸಿತು. ಥೀಬ್ಸ್ ಥೀಬ್ಸೇ ಆಗಿರಲಿ.

ತಾಲೀಮಿನಲ್ಲಿ ಎರಡು ಜಾಗಕ್ಕೆ ಸಮಯ ಸುರಿಯಿರಿ. ಲಾಯಸ್‌ನನ್ನು ಕೊಂದದ್ದು ಕಳ್ಳರ ಗುಂಪು ಎಂದು ಕ್ರಿಯಾನ್ ಆರಂಭದಲ್ಲೇ ಹೇಳುತ್ತಾನೆ. ಮರುಮಾತಿನಲ್ಲೇ ಈಡಿಪಸ್ 'ಒಬ್ಬ ಕಳ್ಳನಿಗೆ ಅಷ್ಟು ಧೈರ್ಯವೇ' ಎನ್ನುತ್ತಾನೆ. ಹಲವರು ಒಬ್ಬನಾದದ್ದು ಜನರ ಕಿವಿಗೆ ತಾಗಲೇಬೇಕು. ಮುಂದೆ ಅವನ ಪ್ರಾಣವೆಲ್ಲ ಕೊಂದವರು ಹಲವರು ಎಂಬ ಒಂದೇ ಎಳೆಯ ಮೇಲೆ ನೇತಾಡುತ್ತದೆ, ಕೊಲೆಯನ್ನು ಕಂಡು ಬದುಕುಳಿದ ಕುರುಬನನ್ನು ಕರೆಸುವುದೂ ಅದಕ್ಕೇ. ಒತ್ತಿ ಹೇಳಿದರೆ ಪತ್ತೇದಾರಿ ಕಥೆಯಾಗುತ್ತದೆ. ಕ್ರಿಯಾನ್‌ನ ಮಾತಿನ ಕೊನೆಯಲ್ಲಿ 'ಒಂದು ಕೈಯಲ್ಲ, ಹಲವು ಕೈ' ಇರಲಿ, ಈಡಿಪಸ್ ಉಸಿರು ಬಿಡದೆ ಎತ್ತಿಕೊಳ್ಳಲಿ.

ಇನ್ನೊಂದು ಕುರುಬನ ವಿಚಾರಣೆ. ಪ್ರಶ್ನೆಗೆ ಒಂದು ಸಾಲು, ಉತ್ತರಕ್ಕೆ ಒಂದು ಸಾಲು, ಕೊನೆಗೆ ಒಂದೇ ಸಾಲು ಇಬ್ಬರ ಬಾಯಲ್ಲಿ ಮುರಿಯುತ್ತದೆ. ನಟರು ಭಾವ ತುಂಬಲೆಂದು ಪ್ರತಿ ಸಾಲಿಗೂ ನಿಲ್ಲುತ್ತಾರೆ, ದೃಶ್ಯ ಅಲ್ಲಿಗೆ ಸತ್ತಂತೆ. ಚಪ್ಪಾಳೆ ತಟ್ಟಿ ಕಾಲ ಹಿಡಿದು, ಖಾಲಿ ಬಿಡದೆ ಹೇಳಿಸಿ. ನಿಲುಗಡೆ ಒಂದೇ ಕಡೆ: ಭಯಂಕರವಾದದ್ದನ್ನು ಹೇಳುವ ಅಂಚಿನಲ್ಲಿದ್ದೇನೆ ಎಂದು ಕುರುಬ ಅಂದ ಮೇಲೆ, ಕೇಳುವ ಅಂಚಿನಲ್ಲಿ ನಾನಿದ್ದೇನೆ, ಆದರೂ ಕೇಳಲೇಬೇಕು ಎಂದು ಈಡಿಪಸ್ ಅನ್ನುವ ಮುಂಚೆ. ಮಧ್ಯಂತರ ಯಾಕೆ ಬೇಡ ಎಂಬುದಕ್ಕೆ ಕಾರಣವೂ ಇಲ್ಲೇ ಇದೆ, ಈ ಓಟ ಕಟ್ಟಲು ಹಿಂದಿನ ಒಂದು ಗಂಟೆ ಪೂರಾ ಬೇಕು.

ರಕ್ತದ ವಿಷಯ. ಚುಚ್ಚಿಕೊಳ್ಳುವುದು ಒಳಗೆ, ನಾವು ನೋಡುವುದು ಆದ ಮೇಲಿನದು. ನಟ ಒಳಹೋಗಿ ಹೊರಬರುವ ನಡುವೆ ಮೇಳದ ಹಾಡು, ದೂತನ ವರದಿ, ಸುಮಾರು ಎಂಟು ನಿಮಿಷ ಸಿಗುತ್ತದೆ. ಗ್ಲಿಸರಿನ್ನಿಗೆ ಬಣ್ಣ ಕಲಸಿ ಹಚ್ಚಿದರೆ ಕಾಗದ ಮೆತ್ತಗಾಗುತ್ತದೆ, ನಿಲುವಂಗಿ ಪ್ರತಿ ಸಲ ತೊಳೆಯಬೇಕು, ಈಡಿಪಸ್‌ನ ಹೆಣ್ಣುಮಕ್ಕಳ ಮಾತಿಲ್ಲದ ಪಾತ್ರಕ್ಕೆ ಬರುವ ಪುಟಾಣಿಗಳ ಬಟ್ಟೆಗೂ ಮೆತ್ತುತ್ತದೆ. ಎರಡನೇ ಮುಖವಾಡದಲ್ಲಿ ಕಣ್ಣಿನ ಗುಳಿಗೆ ಕಪ್ಪು, ಅಂಚಿಗೆ ಒಣ ಮರೂನ್, ಇಳಿದ ಧಾರೆಗಳಿಗೆ ಮಾತ್ರ ವಾರ್ನಿಷ್. ದೂರಕ್ಕೆ ಹಸಿಯಾಗಿಯೇ ಕಾಣುತ್ತದೆ. ಆ ಗುಳಿ ಪೂರಾ ಮುಚ್ಚಿದ್ದರೂ ನಟರು ಮೆಟ್ಟಿಲು ಎಡವದೆ ಇಳಿಯುತ್ತಾರೆ. ಹೇಗೆಂದು ಮಾತ್ರ ಹೇಳಲ್ಲ, ಅದು ತಂಡದ ಬಂಡವಾಳ.

ಕೊನೆಯಲ್ಲಿ ಈಡಿಪಸ್ ಕೋಲೂರಿಕೊಂಡು ಸಿಥೀರನ್ ಬೆಟ್ಟದತ್ತ ಹೊರಡುವಂತೆ ಆಡಿಸುತ್ತಾರೆ, ಜನ ಕಣ್ಣೊರೆಸಿಕೊಳ್ಳುತ್ತಾರೆ. ಪಠ್ಯದಲ್ಲಿ ಹಾಗಿಲ್ಲ. ಊರಾಚೆ ತಳ್ಳಿಬಿಡು ಎಂದು ಅವನೇ ಬೇಡಿದರೂ ದೇವರನ್ನು ಕೇಳದೆ ಆಗದು ಎಂದು ಕ್ರಿಯಾನ್ ಅವನನ್ನು ಅರಮನೆಯ ಒಳಕ್ಕೇ ಕರೆದೊಯ್ಯುತ್ತಾನೆ, ಮಕ್ಕಳನ್ನು ಕೈಯಿಂದ ಬಿಡಿಸುತ್ತಾನೆ. ಹೊರಟುಹೋಗುವ ಸ್ವಾತಂತ್ರ್ಯವೂ ಅವನಿಗಿಲ್ಲ. ನಾವು ಒಳಗೇ ಕಳಿಸುತ್ತೇವೆ.

ಒಂದು ಪ್ರದರ್ಶನಕ್ಕೆ ಸಭಾಂಗಣ, ಬೆಳಕು, ಮಿನಿ ಬಸ್ಸು, ಊಟ ಸೇರಿ ನಲವತ್ತು ಸಾವಿರದ ಆಸುಪಾಸು. ನೂರು ರೂಪಾಯಿ ಟಿಕೆಟ್ಟಿನಲ್ಲಿ ಮುನ್ನೂರು ಜನ ಬಂದರೆ ಹತ್ತು ಸಾವಿರ ಕೈಯಿಂದ ಹೋಗುತ್ತದೆ, ಕಾಲೇಜಿನವರು ಕರೆಸಿದರೆ ಸರಿಹೋಗುತ್ತದೆ. ಆಟ ಮುಗಿದ ರಾತ್ರಿಯೇ ಮುಖವಾಡಗಳನ್ನು ಮಗುಚಿ ಫ್ಯಾನಿನಡಿ ಒಣಗಿಸಿ. ಬಿಸಿಲಿಗಿಟ್ಟರೆ ತುಟಿಯ ಅಂಚು ಸೀಳುತ್ತದೆ, ಒದ್ದೆಯಾಗಿಯೇ ಪೆಟ್ಟಿಗೆಗೆ ಹಾಕಿದರೆ ಮುಂದಿನ ಊರಲ್ಲಿ ಬೂಸ್ಟಿನ ವಾಸನೆಗೆ ಪೂಜಾರಿ ಮೊದಲ ಮಾತಿನಲ್ಲೇ ಸೀನುತ್ತಾನೆ.